ದೇವರು ಹೇಳಿದ್ದೋ, ನನಗೇ ಅನ್ನಿಸಿದ್ದೋ?

ಹಿಂಜವಡಿಯಲ್ಲಿ ಕೆಲಸ ಮಾಡೋ ನಮ್ಮ ಸಭೆಯ ಹುಡುಗರು ಪ್ರಾರ್ಥನೆ ಮುಗಿದ ಮೇಲೆ ಹೆಚ್ಚಾಗಿ ಕೇಳೋದು ಒಂದೇ: "ಅಣ್ಣಾ, ಇದು ದೇವರ ಚಿತ್ತವೋ, ನನ್ನ ಮನಸ್ಸಿನ ಮಾತೋ, ಹೇಗೆ ಗೊತ್ತಾಗುತ್ತೆ?"

ಊರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗ್ತೀರಲ್ಲ, ದೌಂಡ್‌ಗೆ ಮುಂಚೆ ಕೇಡಗಾಂವ್ ದಾಟುತ್ತೆ. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ.

1896ರಲ್ಲಿ ಮಧ್ಯಪ್ರಾಂತ್ಯದ ಬರದ ಸುದ್ದಿ ಬಂದಾಗ ಅವರು ಪುಣೆಯಲ್ಲಿ ಶಾರದಾ ಸದನ ನಡೆಸುತ್ತಿದ್ದರು. ಅಲ್ಲಿಗೆ ಹೋಗಬೇಕೆಂದು ದೇವರೇ ಕರೆಯುತ್ತಿದ್ದಾರೆ ಅನ್ನಿಸಿತು. ಸುಮ್ಮನೆ ಅನ್ನಿಸಲಿಲ್ಲ. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡಿದ್ದರು. ಹಸಿವು ಏನೆಂದು ಗೊತ್ತಿತ್ತು. ಆ ಕರೆ ಹಳೇ ಗಾಯದ ಮೂಲಕವೇ ಬಂತು ಅಂತ ನಾನು ನಂಬ್ತೀನಿ. ಹಾಗಾಗಿ, "ಮನಸ್ಸಿನ ಮಾತು" ಅಂತ ಎಲ್ಲವನ್ನೂ ತಳ್ಳಿಬಿಡಬೇಡಿ.

ಹಾಗಂತ ಅನ್ನಿಸಿದ್ದೆಲ್ಲ ದೇವರ ಮಾತೂ ಅಲ್ಲ. ಪ್ಯಾಕೇಜ್ ಜಾಸ್ತಿ ಇರೋ ಆಫರ್ ಬಂದಾಗ ಮಾತ್ರ ದೇವರು ಮಾತಾಡ್ತಾರಾ? (ನಗಬೇಡಿ, ಸಾಕ್ಷಿ ಹೇಳುವಾಗ ನಾವೆಲ್ಲ ಹಾಗೇ ಹೇಳ್ತೀವಿ.) ರಮಾಬಾಯಿಗೆ ಬಂದ ಕರೆಯಿಂದ ಅವರ ಹೊರೆ ಹೆಚ್ಚಾಯಿತು, ಲಾಭ ಆದದ್ದು ಬೇರೆಯವರಿಗೆ. ನಾನು ಮೊದಲು ನೋಡೋದು ಅದನ್ನೇ.

ಅವರು ಹೋದರು. ಸುಮಾರು 300 ಹೆಣ್ಣುಮಕ್ಕಳು, ಎಳೆಯ ವಿಧವೆಯರು ಅವರ ಆಸರೆಗೆ ಬಂದರು. ಪುಣೆಯಲ್ಲಿ ಪ್ಲೇಗ್ ನಿರ್ಬಂಧ, ಅಷ್ಟು ಜನರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಸದನದ ಖರ್ಚಿಗೆ ಆಗಲೆಂದು ಹಣ್ಣಿನ ತೋಟ ಮಾಡಲು ಮೊದಲೇ ಕೊಂಡಿದ್ದ ಜಮೀನು ಕೇಡಗಾಂವ್‌ನಲ್ಲಿತ್ತು. ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋದರು.