ವೈದ್ಯಕೀಯದ ಬಾಗಿಲು ಪಿ.ಯು.ಸಿ.ಯಲ್ಲೇ ಇದೆ

(ಶ್ರೀರಂಗಪಟ್ಟಣದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶ್ರೀರಂಗಪಟ್ಟಣದವರು ನಡೆದು ಬಂದಿದ್ದೀರಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರು ಅಂಗಡಿ ಮುಚ್ಚಿ, ಕೆಲಸ ಬಿಟ್ಟು, ಬಸ್ಸು ಹಿಡಿದು ಬಂದಿದ್ದೀರಿ. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಬಂದ ಮನೆಗಳಲ್ಲೆಲ್ಲ ಈಗ ಒಂದೇ ಮಾತು: ನಮ್ಮ ಮಗು ಡಾಕ್ಟರಾಗಬೇಕು. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಆಸೆಗೆ ಬೇಕಾದ ತೀರ್ಮಾನವನ್ನು ಯಾವಾಗ ಕೈಗೊಳ್ಳಬೇಕೆಂಬ ವಿಷಯದಲ್ಲಿ ನಾವು ಮತ್ತೆ ಮತ್ತೆ ಎಡವುತ್ತಿದ್ದೇವೆ.

ನಮಗೆ ತಿಳಿದ ಒಬ್ಬ ಹೆಣ್ಣುಮಗಳ ಪ್ರಸಂಗವನ್ನು ಹೇಳಿಬಿಡುತ್ತೇವೆ. ಇದೇ ನಾಲ್ಕು ತಾಲೂಕುಗಳ ಪೈಕಿ ಒಂದರವಳು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದಳು, ನೀಟ್ ಬರೆದಳು, ಸೀಟು ಸಿಗಲಿಲ್ಲ. ಮನೆಯವರು ಆಕೆಯನ್ನು ಬಿ.ಎಸ್ಸಿ.ಗೆ ಸೇರಿಸಿದರು. ಪದವಿಯಲ್ಲಿ ಒಳ್ಳೆಯ ಅಂಕ ತೆಗೆದರೆ ವೈದ್ಯಕೀಯಕ್ಕೆ ದಾರಿಯಾಗುತ್ತದೆಂದು ವಿದೇಶದಲ್ಲಿದ್ದ ಬಂಧುವೊಬ್ಬರು ಫೋನಿನಲ್ಲಿ ಹೇಳಿದ್ದರಂತೆ. ಆಕೆ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಅಂಕಪಟ್ಟಿ ಹಿಡಿದು ವಿಚಾರಿಸಲು ಹೋದಾಗಲೇ ಗೊತ್ತಾದದ್ದು, ಆ ಅಂಕಗಳಲ್ಲಿ ಒಂದೂ ರ‍್ಯಾಂಕಿಗೆ ಸೇರುವುದಿಲ್ಲವೆಂದು.

ಆ ಬಂಧು ಸುಳ್ಳು ಹೇಳಿರಲಿಲ್ಲ. ಅಮೆರಿಕದಲ್ಲಿ ಪದವಿ ಮುಗಿಸಿದ ಬಳಿಕವೇ ವೈದ್ಯಕೀಯಕ್ಕೆ ಅರ್ಜಿ ಹಾಕುವ ಪದ್ಧತಿ. ಅಲ್ಲಿ ಪದವಿಯ ಅಂಕಗಳ ಸರಾಸರಿಯನ್ನೂ ನೋಡುತ್ತಾರೆ, ಎಂಕ್ಯಾಟ್ ಎಂಬ ಪರೀಕ್ಷೆಯನ್ನೂ ನೋಡುತ್ತಾರೆ. ಅಂಕ ಕಡಿಮೆಯಾದವರು ಇನ್ನಷ್ಟು ವಿಜ್ಞಾನ ವಿಷಯಗಳನ್ನು ಓದಿ ಸರಾಸರಿಯನ್ನು ಎತ್ತಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ಇಲ್ಲಿ ವಿಷಯದ ಆಯ್ಕೆ ನಡೆಯುವುದು ಎಸ್.ಎಸ್.ಎಲ್.ಸಿ. ಮುಗಿದ ಆ ಕೆಲವೇ ವಾರಗಳಲ್ಲಿ, ಹದಿನಾರರ ಮಗುವಿನ ಹೆಸರಿನಲ್ಲಿ, ಅನೇಕ ವೇಳೆ ಆ ಮಗುವನ್ನು ಕೇಳದೆಯೇ.

ನಿಯಮ ಸರಳವಾಗಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ತೇರ್ಗಡೆಯಾಗಿರಬೇಕು. ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 50, ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಬೇಕು. ಇದು ಹೊಸ್ತಿಲು ಮಾತ್ರ. ಹೊಸ್ತಿಲು ದಾಟಿದ ಮೇಲೆ ಸೀಟನ್ನು ನಿರ್ಧರಿಸುವುದು ನೀಟ್ ಒಂದೇ. 2025ರ ನೀಟ್‌ನಲ್ಲಿ 720 ಅಂಕಗಳಿಗೆ 180 ಪ್ರಶ್ನೆಗಳಿದ್ದವು. ಅವುಗಳಲ್ಲಿ 90 ಜೀವಶಾಸ್ತ್ರದವು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಇಬ್ಬರಿಗೆ ಸಮಾನ ಅಂಕ ಬಂದರೆ ಮೊದಲು ನೋಡುವುದೂ ಜೀವಶಾಸ್ತ್ರದ ಅಂಕವನ್ನೇ.

ಹೀಗಿರುವಾಗ ಜೀವಶಾಸ್ತ್ರವನ್ನೇ ಬಿಟ್ಟು ಗಣಕವಿಜ್ಞಾನದ ಸಂಯೋಜನೆಗೆ ಮಗುವನ್ನು ಸೇರಿಸಿ, ಎರಡು ವರ್ಷದ ಬಳಿಕ ಡಾಕ್ಟರ್ ಮಾಡುತ್ತೇವೆನ್ನುವುದು ಎಂಥ ಲೆಕ್ಕಾಚಾರ? ಹತ್ತಿರದ ಕಾಲೇಜಿನಲ್ಲಿ ಆ ಸಂಯೋಜನೆ ಮಾತ್ರ ಇತ್ತು, ಸೋದರಮಾವ ಕಂಪ್ಯೂಟರೇ ಒಳ್ಳೆಯದೆಂದರು ಎಂಬ ಕಾರಣಗಳನ್ನು ನಾವು ಕೇಳಿದ್ದೇವೆ. ಹಾಗೆ ಬಿಟ್ಟವರಿಗೆ ಒಂದು ದಾರಿ ಉಳಿದಿದೆ. ಪಿ.ಯು.ಸಿ. ಮುಗಿದ ಬಳಿಕ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ, ಮಾನ್ಯತೆಯಿರುವ ಮಂಡಳಿಯಲ್ಲಿ ಓದಿ ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಸುತ್ತುದಾರಿ ಇದೆಯೆಂದು ನೇರ ದಾರಿಯನ್ನು ಬಿಡಬಾರದಷ್ಟೆ.

ಗಣಿತದ ಬಗ್ಗೆಯೂ ಕೇಳುತ್ತೀರಿ. ಎಂ.ಬಿ.ಬಿ.ಎಸ್.ಗೆ ಗಣಿತ ಬೇಡ. ಆದರೂ ಹೆಚ್ಚಿನ ಕಾಲೇಜುಗಳಲ್ಲಿ ಜೀವಶಾಸ್ತ್ರದ ಜೊತೆ ಗಣಿತ ಬಂದೇ ಬರುತ್ತದೆ, ಮತ್ತು ಇಂಜಿನಿಯರಿಂಗ್‌ನ ಬಾಗಿಲನ್ನು ತೆರೆದಿಡುವುದು ಅದೇ. ಲೆಕ್ಕ ಕಂಡರೆ ಬೆದರುವ ಮಗುವಿಗೆ ಅದು ಭಾರವೇ ಹೌದು. ಭೌತಶಾಸ್ತ್ರಕ್ಕೆ ಬೇಕಾದಷ್ಟಾದರೂ ಗಣಿತವನ್ನು ಕಲಿಯದೆ ಗತಿಯಿಲ್ಲ.

ಇನ್ನು ಎರಡನೇ ಭಾಷೆ. ಅಂಕ ಸುಲಭವಾಗಿ ಸಿಗುವ ಭಾಷೆ ಯಾವುದೆಂದು ಹುಡುಕುವುದರಲ್ಲಿ ನಮ್ಮ ಪೋಷಕರು ತೋರಿಸುವ ಉತ್ಸಾಹವನ್ನು ಭೌತಶಾಸ್ತ್ರದ ಉಪನ್ಯಾಸಕರಿದ್ದಾರೆಯೇ ಎಂದು ವಿಚಾರಿಸುವುದರಲ್ಲಿ ತೋರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಭಾಷೆಯ ಅಂಕ ವೈದ್ಯಕೀಯಕ್ಕೆ ಲೆಕ್ಕವಿಲ್ಲ. ಉರ್ದುವಾಗಲಿ, ಅರಬಿಯಾಗಲಿ, ಕನ್ನಡವಾಗಲಿ, ಮಗುವಿನ ಸಮಯವನ್ನು ತಿನ್ನದ ಭಾಷೆಯನ್ನು ಆರಿಸಿ. ನಾಗಮಂಗಲದ ಹಳ್ಳಿಯಿಂದ ಬರುವ ಅಜ್ಜಿಯ ಹೊಟ್ಟೆನೋವನ್ನು ಕೇಳಿ ತಿಳಿಯುವಷ್ಟು ಕನ್ನಡವಂತೂ ಎಲ್ಲರಿಗೂ ಬೇಕು.

ಪ್ರಥಮ ಪಿ.ಯು.ಸಿ.ಯನ್ನು ಆಟದ ವರ್ಷವೆಂದು ಭಾವಿಸುವುದು ನಮ್ಮ ಇನ್ನೊಂದು ದೌರ್ಬಲ್ಯ. ಅದರ ಪರೀಕ್ಷೆಯ ಅಂಕ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ನೀಟ್ ಪಠ್ಯದ ಸರಿಸುಮಾರು ಅರ್ಧ ಆ ವರ್ಷದ್ದು. ಕರ್ನಾಟಕದ ಪಿ.ಯು. ವಿಜ್ಞಾನ ಪಠ್ಯಪುಸ್ತಕಗಳು ಎನ್.ಸಿ.ಇ.ಆರ್.ಟಿ.ಯವೇ ಆಗಿರುವುದರಿಂದ ಕಾಲೇಜಿಗೊಂದು, ನೀಟ್‌ಗೆ ಇನ್ನೊಂದು ಎಂದು ಬೇರೆ ಪುಸ್ತಕಗಳಿಗೆ ಹಣ ಸುರಿಯಬೇಕಾಗಿಲ್ಲ. ಜೀವಶಾಸ್ತ್ರದಲ್ಲಂತೂ ಆ ಪುಸ್ತಕವನ್ನು ಸಾಲುಸಾಲಾಗಿ ಓದಿದವರೇ ಮುಂದೆ ಹೋಗುತ್ತಾರೆ.

ದ್ವಿತೀಯ ಪಿ.ಯು.ಸಿ.ಯಲ್ಲಿ ಅಂಕ ಕಡಿಮೆಯಾದರೆ ಸರಿಪಡಿಸಿಕೊಳ್ಳಲು ಈಗ ಅವಕಾಶವಿದೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಪ್ರಾಯೋಗಿಕ ಪರೀಕ್ಷೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಪ್ರತಿ ವಿಷಯಕ್ಕೆ 30ರಂತೆ ಮೂರು ವಿಷಯಕ್ಕೆ 90 ಅಂಕ. 2022ರಲ್ಲಿ ಹಿಜಾಬಿನ ವಿವಾದದ ನಡುವೆ ಎಷ್ಟೋ ಹೆಣ್ಣುಮಕ್ಕಳು ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಲಾಗಲಿಲ್ಲ. ಮರುಪರೀಕ್ಷೆ ಇಲ್ಲವೆಂದು ಅಂದಿನ ಸರಕಾರ ಕೈತೊಳೆದುಕೊಂಡಿತು. ಅಂದು ವಿಜ್ಞಾನವನ್ನು ತೊರೆದವರಲ್ಲಿ ಎಷ್ಟು ಮಂದಿ ಮರಳಿ ಬಂದರೆಂದು ಲೆಕ್ಕವಿಟ್ಟವರಾರು?

ಮೊದಲ ಸಲ ಸೀಟು ಸಿಗದವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹಣ ಪೋಲಾಗುವುದು ಇಲ್ಲಿಯೇ. 2025ರಲ್ಲಿ ಸುಮಾರು 12 ಲಕ್ಷ ಮಂದಿ ನೀಟ್‌ನಲ್ಲಿ ಅರ್ಹರಾದರು. ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದೂಕಾಲು ಲಕ್ಷದ ಆಸುಪಾಸು. ಆ ವರ್ಷ ಸಾಮಾನ್ಯ ವರ್ಗದ ಅರ್ಹತೆಯ ಗೆರೆ 720ಕ್ಕೆ 144. ಅಂದರೆ ‘ಅರ್ಹ’ ಎಂಬ ಮಾತಿಗೂ ಸೀಟಿಗೂ ಬಹಳ ಅಂತರವಿದೆ. ಆ ಅಂತರದಲ್ಲಿಯೇ ದಳ್ಳಾಳಿಗಳು ಅಂಗಡಿ ತೆರೆದಿರುತ್ತಾರೆ. ನಮ್ಮ ಅಭಿಪ್ರಾಯ ಇಷ್ಟು: ಮಗು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದರೆ, ಎಲ್ಲಿ ಸೋತೆನೆಂದು ಅದಕ್ಕೇ ತಿಳಿದಿದ್ದರೆ, ಒಂದು ವರ್ಷ ಪೂರ್ತಿಯಾಗಿ ಕೊಡಿ, ಪದವಿಗೆ ಸೇರಿಸಿ ಅರ್ಧ ಮನಸ್ಸಿನ ಓದು ಬೇಡ. ಸೀಟಿನಿಂದ ಬಹಳ ದೂರ ಉಳಿದಿದ್ದರೆ ಪೋಷಕರ ಮಾನಕ್ಕಾಗಿ ಮೂರು ಮೂರು ವರ್ಷ ಕೋಣೆಯಲ್ಲಿ ಕೂಡಿಹಾಕಬೇಡಿ. ನರ್ಸಿಂಗ್, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನ ಇವೆಲ್ಲ ಗೌರವದ ಕೆಲಸಗಳೇ. ಯುನಾನಿ, ಆಯುರ್ವೇದಗಳಿಗೂ ನೀಟ್ ಬೇಕೆಂಬುದು ನೆನಪಿರಲಿ.

ನೀಟ್ ನ್ಯಾಯವೇ? 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಆದರೂ ಪರೀಕ್ಷೆಯನ್ನು ರದ್ದುಪಡಿಸಲು ಸುಪ್ರೀಂ ಕೋರ್ಟು ಜುಲೈನಲ್ಲಿ ನಿರಾಕರಿಸಿತು. ಅದೇ ತಿಂಗಳು ಕರ್ನಾಟಕ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ದುಬಾರಿ ತರಬೇತಿಗೆ ಹಣವಿಲ್ಲದ ಊರುಗಳಿಗೆ ಈ ಪರೀಕ್ಷೆ ಅನ್ಯಾಯ ಮಾಡುತ್ತದೆಂದೇ ನಾವೂ ಭಾವಿಸುತ್ತೇವೆ. ಆದರೆ ಪರೀಕ್ಷೆ ಇರುವಷ್ಟು ದಿನ ಬರೆಯಲೇಬೇಕು.

2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಆಗಿನ ಸರಕಾರ ತೆಗೆದುಹಾಕಲು ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಆ ಆದೇಶದಂತೆ ಸದ್ಯ ನಡೆಯುವುದಿಲ್ಲವೆಂದು ಮಾತು ಕೊಡಬೇಕಾಯಿತು. ಹೀಗೆ ಉಳಿದ ಹಕ್ಕನ್ನು ತಹಶೀಲ್ದಾರರ ಪ್ರಮಾಣಪತ್ರ ಸಮಯಕ್ಕೆ ಸಿಗಲಿಲ್ಲವೆಂದು ಕಳೆದುಕೊಳ್ಳುವವರು ನಮ್ಮಲ್ಲಿದ್ದಾರೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿಯಿದೆ. ಅದರ ಕಾಗದಗಳನ್ನು ಶಾಲೆಯಿಂದ ಈಗಲೇ ಪಡೆಯಿರಿ.

ಮೈಸೂರು ಮೆಡಿಕಲ್ ಕಾಲೇಜು 1924ರಿಂದ ಇದೆ. ಮಂಡ್ಯದಲ್ಲಿ ಸರಕಾರಿ ಕಾಲೇಜಿದೆ, ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಸಂಸ್ಥೆಯ ಕಾಲೇಜಿದೆ. ನಮ್ಮವರು ಅಲ್ಲಿಗೆ ರೋಗಿಗಳಾಗಿ ದಿನವೂ ಹೋಗುತ್ತಾರೆ. ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮನೆಂದು ಸಾಚಾರ್ ಸಮಿತಿ 2006ರಲ್ಲಿಯೇ ಬರೆದಿತ್ತು.

ನಮ್ಮ ಮಾತು ಇಲ್ಲಿಗೆ ಸಾಕು. ಹಿಂದಿನ ಸಾಲುಗಳಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಮೊದಲು ಪ್ರಶ್ನೆ ಕೇಳಲಿ, ತಂದೆಯಂದಿರು ಆಮೇಲೆ. ಅಂಕಪಟ್ಟಿ ತಂದವರು ಮುಂದೆ ಬನ್ನಿ. ಕೆ.ಆರ್. ಪೇಟೆಯವರನ್ನು ಮೊದಲು ಕಳುಹಿಸಿಕೊಡೋಣ, ಅವರಿಗೆ ಬಸ್ಸಿನ ಸಮಯವಾಗುತ್ತಿದೆ.