ಗುರುವಿನ ಚರಿತ್ರೆಗೆ ದಾಖಲೆ ಬೇಕು

(ಯುವಕರ ಶಿಬಿರದಲ್ಲಿ ಮಾಡಿದ ಭಾಷಣ)



ನಾವು ಅಭಿಮಾನಕ್ಕೆ ಬಡವರಲ್ಲ, ದಾಖಲೆಗೆ ಬಡವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಕಲಿಸಿದ ಸವಾಯಿ ಗಂಧರ್ವರು ನಮ್ಮವರು ಎಂದು ವೇದಿಕೆಯಲ್ಲಿ ಗುಡುಗುತ್ತೇವೆ. ಯಾವ ಊರು, ಯಾವ ಇಸವಿ ಎಂದು ಯಾರಾದರೂ ಎದ್ದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ.

ನಾನೂ ಅದೇ ಜಾತಿ. ಹಿಂದೆ ಒಂದು ಸ್ಮರಣ ಸಂಚಿಕೆಗೆ ಬರೆಯುವಾಗ 'ಅಂದಿನ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಕುಂದಗೋಳದವರು' ಎಂದು ಬರೆದೆ. ಅಚ್ಚಾದ ಮೇಲೆ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಕರೆದು, "ತಮ್ಮಾ, ಆವಾಗ ಕುಂದಗೋಳ ಜಮಖಂಡಿ ಸಂಸ್ಥಾನದಾಗ ಇತ್ತಲ್ಲೋ" ಅಂದರು. ನಾಚಿಕೆಯಾಯಿತು. ನನ್ನ ಸಾಲು ನಂಬಿದವನು ಸಂಸ್ಥಾನದ ಕಡತ ಬಿಟ್ಟು ಬ್ರಿಟಿಷ್ ಜಿಲ್ಲೆಯ ಕಾಗದ ಹುಡುಕುತ್ತಾ ಕೂರುತ್ತಿದ್ದ!

ಇಸವಿಯ ಕಥೆ ಇನ್ನೂ ತೊಡಕು. ಅವರು ಹುಟ್ಟಿದ್ದು 1886ರ ಜನವರಿ 19. ಆಗ ನಡೆಯುತ್ತಿದ್ದುದು ಪಾರ್ಥಿವ ಸಂವತ್ಸರ. ಅದು ಶುರುವಾದದ್ದು 1885ರ ಯುಗಾದಿಗೆ. ಜಾತಕದಲ್ಲಿ 'ಪಾರ್ಥಿವ' ಎಂದಷ್ಟೇ ನೋಡಿ 1885 ಎಂದು ಬರೆದರೆ ಒಂದು ವರ್ಷ ಹೋಯಿತು. ಅರವತ್ತು ವರ್ಷಕ್ಕೆ ಅದೇ ಹೆಸರು ಮರಳುತ್ತದೆ, 1945ರಲ್ಲೂ ಪಾರ್ಥಿವವೇ. ಮಾಸ, ತಿಥಿ, ವಾರ ಮೂರನ್ನೂ ಪಂಚಾಂಗದೊಂದಿಗೆ ತಾಳೆ ನೋಡಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದಿದ್ದರೆ ಕೂಡಲೇ ನಂಬಬೇಡಿ. ಮೇಷ್ಟ್ರು ಮಗುವಿನ ಎತ್ತರ ನೋಡಿ ಬರೆದುಕೊಂಡ ದಿನ ಅದಾಗಿರಬಹುದು.

ಹೆಸರೂ ಒಂದೇ ಅಲ್ಲ. ರಾಮಚಂದ್ರ, ರಾಮಭಾವು, ಸೌಂಶಿ, ಕುಂದಗೋಳಕರ ಎಲ್ಲಾ ಒಬ್ಬರೇ. ಒಂದೇ ಹೆಸರಿನಲ್ಲಿ ಹುಡುಕಿದವನಿಗೆ ಅರ್ಧ ಬದುಕು ಮಾತ್ರ ಸಿಗುತ್ತದೆ. ಮರಾಠಿ ಕಾಗದಗಳನ್ನೂ ಓದಿಸಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಅವರು ಮರಾಠಿ ರಂಗಭೂಮಿಯಲ್ಲೂ ಹಾಡಿದವರು.

ಇನ್ನೊಂದು ತಮಾಷೆ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12. ಮಲ್ಲಿಕಾರ್ಜುನ ಮನ್ಸೂರರು 1992ರ ಸೆಪ್ಟೆಂಬರ್ 12. ಯಾರೋ ನಕಲು ಹೊಡೆದಿದ್ದಾರೆ ಎಂದು ಅನುಮಾನಪಟ್ಟಿದ್ದೆ. ಎರಡೂ ನಿಜ! ಸಂದೇಹಪಡುವುದು ಸರಿ, ಪರೀಕ್ಷಿಸದೆ ಹೊಡೆದುಹಾಕುವುದು ತಪ್ಪು.

ನಿಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಸಂಗೀತ ಮೇಷ್ಟ್ರಿದ್ದರೆ ಈ ಭಾನುವಾರವೇ ಹೋಗಿ. ಟ್ರಂಕಿನಲ್ಲಿ ಕಚೇರಿಯ ಕರಪತ್ರ, ಆಕಾಶವಾಣಿಯ ಕಾಗದ ಇದೆಯೇ ಕೇಳಿ. ಅವರು ಹೇಳಿದ್ದನ್ನು ಹೇಳಿದ ತಾರೀಖಿನ ಸಮೇತ ಬರೆದುಕೊಳ್ಳಿ. ಕಾಗದಗಳ ಜೆರಾಕ್ಸ್ ಮಾಡಿಸಿ, ಮೂಲವನ್ನು ಅಂದೇ ಅವರ ಕೈಗೆ ಕೊಟ್ಟು ಬನ್ನಿ.