ಬೋರ್ಡೋ ಬರೀ ದ್ರಾವಣವಲ್ಲ

ಬೋರ್ಡೋ ಅಂದರೆ ಆದಿವಾಲದ ರೈತರಿಗೆ ಹೇಳಿಕೊಡಬೇಕೇ? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಕುಡುಗೋಲಿನ ತುದಿ ಅದ್ದಿ ನೋಡುತ್ತೀರಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸುರಿಯುತ್ತೀರಿ. ದಾಳಿಂಬೆಗೆ, ಅಡಿಕೆಗೆ ಹೊಡೆಯುವ ಈ ದ್ರಾವಣಕ್ಕೆ ಹೆಸರು ಕೊಟ್ಟ ಊರು ಫ್ರಾನ್ಸಿನಲ್ಲಿದೆ. ಅಲ್ಲಿನ ಮೆದೋಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬೂಜು ರೋಗ ಬಂದಾಗ ಆ ಸಾಲುಗಳೇ ಬಚಾವಾದವು. ಮಿಲಾರ್ದೆ ಎಂಬ ಪ್ರೊಫೆಸರ್ ಅದನ್ನು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು.

ಬೂಜು ಅಲ್ಲಿ ಯಾಕೆ ಹಬ್ಬಿತು ಅಂದರೆ, ಅಟ್ಲಾಂಟಿಕ್ ಸಾಗರ ಪಕ್ಕದಲ್ಲೇ ಇದೆ. ನಮ್ಮ ಹಿರಿಯೂರಿಗಿಂತ ಹೆಚ್ಚು ಮಳೆ, ಅದೂ ವರ್ಷವಿಡೀ. ನಮಗೆ ನೀರು ತರುವ ಚಿಂತೆ, ಅವರಿಗೆ ನೀರು ಬಸಿಯುವ ಚಿಂತೆ! ಮೆದೋಕಿನದು ಗರಸು ನೆಲ. ನೀರು ನಿಲ್ಲುವುದಿಲ್ಲ, ಕಲ್ಲು ಬೇಗ ಕಾಯುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆ ದ್ರಾಕ್ಷಿ ತಳಿ ಅಲ್ಲಿ ಮಾಗುತ್ತದೆ. ನದಿಯಾಚೆ ಪೊಮೆರೋಲಿನಲ್ಲಿ ತಣ್ಣನೆಯ ಜೇಡಿ, ಅಲ್ಲಿ ಬೇಗ ಮಾಗುವ ಮೆರ್ಲೋ. ಎರೆ ಹೊಲಕ್ಕೊಂದು, ಕೆಂಪು ಹೊಲಕ್ಕೊಂದು ಬೆಳೆ ನೋಡಿ ಹಾಕುವ ನಿಮಗೆ ಇದೇನು ಹೊಸದಲ್ಲ. ಅವರು ಅದಕ್ಕೆ ತೆರ್ವಾರ್ ಎಂದು ಹೆಸರಿಟ್ಟು, ವೈನ್ ಬಾಟಲಿಯ ಮೇಲೆ ತಳಿಗಿಂತ ಊರಿನ ಹೆಸರನ್ನೇ ಮುಂದೆ ಮಾಡುತ್ತಾರೆ. ವ್ಯಾಪಾರದ ಜಾಣತನವೂ ಅದರಲ್ಲಿದೆ ಅನ್ನಿ.

ಮಣ್ಣಿನ ಮಾತು ಸ್ವಲ್ಪ ಅತಿಯಾಯಿತು ಅಂತ ನನ್ನ ಅನುಮಾನ. ದೊಡ್ಡ ವ್ಯತ್ಯಾಸ ಇರುವುದು ಚಳಿಯಲ್ಲಿ. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ, ವಸಂತಕ್ಕೆ ಏಳುತ್ತದೆ. 1988ರಲ್ಲಿ ವೈನ್ ಮಾಡಲು ಹೊರಟ ಗ್ರೋವರ್ ಕುಟುಂಬ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆಯಲ್ಲಿ ನಂದಿಬೆಟ್ಟದ ಬುಡದಲ್ಲಿ ಫ್ರೆಂಚ್ ದ್ರಾಕ್ಷಿ ತಳಿ ನೆಟ್ಟಿತು. ಬೆಟ್ಟದ ತಂಪೇನೋ ಇತ್ತು, ಬಳ್ಳಿಯನ್ನು ಮಲಗಿಸುವ ಚಳಿ ಇರಲಿಲ್ಲ. ನಮ್ಮಲ್ಲಿ ಆ ಕೆಲಸ ಕತ್ತರಿಯದು. ವಿಜಯಪುರದ ಕಡೆ ಚಾಟನಿ ಅನ್ನುತ್ತಾರೆ: ಏಪ್ರಿಲ್‌ನಲ್ಲಿ ಒಂದು, ಕಡ್ಡಿ ಬಲಿಯಲು, ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣಿಗೆ. ನೀವು ದಾಳಿಂಬೆಗೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ಸವರುತ್ತೀರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಅಕ್ಟೋಬರ್ ಚಾಟನಿಯ ಹಣ್ಣು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಫೆಬ್ರುವರಿಯಲ್ಲಿ ಬೋರ್ಡೋಗೆ ಹೋಗಿ ನೋಡಿದರೆ, ಗರಸಿನ ಮೇಲೆ ಸಾಲು ಸಾಲು ಬೋಳು ಕಡ್ಡಿ.